ಅಮ್ಮನ ‘ಗ್ಯಾಸು’ ಮತ್ತು ಡಿಗಾಕ್ಸಿನ್

ಹೃದಯ ಸೋತವರಿರುವ ಮನೆಯಲ್ಲಿ ಉಸಿರು, ಕಾಲಿನ ಊತ, ತೂಕ ಎಲ್ಲದರ ಮೇಲೂ ಕಣ್ಣಿರುತ್ತದೆ. ಹೊಟ್ಟೆಯ ದೂರನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಊಟ ಸೇರದೆ ಹೋದಾಗ ಅಮ್ಮ ತಾನೇ ‘ಗ್ಯಾಸು’ ಎಂದು ತೀರ್ಮಾನ ಕೊಟ್ಟಳು. ಪಕ್ಕದ ಮನೆಯವರು ಜೀರಿಗೆ ಕಷಾಯ ಹೇಳಿದರು. ವಾಕರಿಕೆ ಜಗ್ಗಲಿಲ್ಲ. ಒಂದು ಮಧ್ಯಾಹ್ನ ಬರೀ ಅನ್ನ ಬಡಿಸಿದರೆ, ‘ಚಿತ್ರಾನ್ನ ಯಾಕೆ ಮಾಡ್ದೆ? ನಂಗೆ ಬೇಡ’ ಅಂದಳು.

ಇದನ್ನು ಕೇಳಿದ್ದೇ ಡಾಕ್ಟರು ಮಾತ್ರೆಗಳ ಡಬ್ಬಿ ತರಿಸಿ, ಹೃದಯಕ್ಕೆಂದು ಕೊಡುವ ಡಿಗಾಕ್ಸಿನ್ ಎತ್ತಿಟ್ಟರು. ಆ ಔಷಧ ಮೈಯಲ್ಲಿ ಹೆಚ್ಚಾದರೆ ಹಸಿವು ಸಾಯುತ್ತದೆ, ವಾಂತಿಯಾಗುತ್ತದೆ, ಕಣ್ಣಿಗೆ ಹಳದಿ ಕವಿಯುವುದೂ ಉಂಟು. ವಾಕರಿಕೆ ಏಳುವುದು ಬಹುಪಾಲು ಮಿದುಳಿನಿಂದ. ಔಷಧವನ್ನು ರಕ್ತನಾಳಕ್ಕೆ ಕೊಟ್ಟರೂ ಬರುತ್ತದೆ. ಪಾಪ, ಜೀರಿಗೆ ಏನು ಮಾಡೀತು!

ಅವರು ಬಿಡಿಸಿ ಹೇಳಿದ ಸುತ್ತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಊಟ, ನೀರು ಕಡಿಮೆಯಾದರೆ ಮೈ ಒಣಗಿ ಮೂತ್ರಪಿಂಡ ಕುಗ್ಗುತ್ತದೆ. ಡಿಗಾಕ್ಸಿನ್ ಹೊರಹೋಗುವ ಮುಖ್ಯ ದಾರಿ ಅದೇ, ಹಾಗಾಗಿ ಔಷಧ ಒಳಗೇ ಉಳಿಯುತ್ತದೆ. ವಾಂತಿಯ ಜೊತೆಗೆ ಊತ ಇಳಿಸುವ ನೀರಿನ ಮಾತ್ರೆಯೂ ಪೊಟ್ಯಾಸಿಯಂ ಕಳೆಯುತ್ತದೆ. ಪೊಟ್ಯಾಸಿಯಂ ತಗ್ಗಿದರೆ ಡಿಗಾಕ್ಸಿನ್ನಿನ ಹೊಡೆತ ಇನ್ನೂ ಜೋರು. ಆಗ ಹೃದಯದ ಲಯವೇ ತಪ್ಪಬಹುದು.

ಡಿಗಾಕ್ಸಿನ್ ಬಂದದ್ದು ಫಾಕ್ಸ್‌ಗ್ಲೋವ್ ಗಿಡದಿಂದ. 1785ರಲ್ಲಿ ಆ ಗಿಡದ ಬಗ್ಗೆ ಪುಸ್ತಕ ಬರೆದ ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್, ಮೂತ್ರ, ಹೊಟ್ಟೆ, ನಾಡಿ, ಮಲ ಯಾವುದರಲ್ಲಾದರೂ ಪರಿಣಾಮ ಕಂಡೊಡನೆ ಔಷಧ ನಿಲ್ಲಿಸಿ ಎಂದಿದ್ದ. ಆ ಕಾಲಕ್ಕೆ ಬೇರೆ ಅಳತೆ ಎಲ್ಲಿತ್ತು? 1997ರಲ್ಲಿ ಪ್ರಕಟವಾದ, 6800 ರೋಗಿಗಳ ಮೇಲಿನ ಅಧ್ಯಯನದಲ್ಲಿ ಡಿಗಾಕ್ಸಿನ್ ಸಾವನ್ನು ತಗ್ಗಿಸಲಿಲ್ಲ, ಆಸ್ಪತ್ರೆ ಸೇರುವುದನ್ನು ತಗ್ಗಿಸಿತು. ಅದೇ ಅಂಕಿಗಳನ್ನು ಮತ್ತೆ ಜಾಲಾಡಿದವರಿಗೆ, ರಕ್ತದಲ್ಲಿ ಔಷಧದ ಮಟ್ಟ ಹೆಚ್ಚಿದ್ದ ಗಂಡಸರಲ್ಲಿ ಸಾವೂ ಹೆಚ್ಚು ಕಂಡಿತು. ಈಗ ವೈದ್ಯರು ಕಡಿಮೆ ಮಟ್ಟವನ್ನೇ ಬಯಸುವುದು ಅದಕ್ಕೆ.

ಹಾಗಂತ ಮನೆಯವರೇ ಮಾತ್ರೆ ನಿಲ್ಲಿಸುವ ಹಾಗಿಲ್ಲ. ಹೃದಯ ಇನ್ನಷ್ಟು ಸೋತು ಕರುಳು, ಯಕೃತ್ತಿನಲ್ಲಿ ನೀರು ತುಂಬಿದರೂ ಹಸಿವು ಹೀಗೇ ಹೋಗುತ್ತದೆ. ಎರಡನ್ನೂ ಬೇರ್ಪಡಿಸಲು ಇಸಿಜಿ, ಮೂತ್ರಪಿಂಡದ ಕೆಲಸ ತೋರುವ ಕ್ರಿಯಾಟಿನಿನ್, ಪೊಟ್ಯಾಸಿಯಂ, ಡಿಗಾಕ್ಸಿನ್ ಮಟ್ಟ ನೋಡಬೇಕು. ರಕ್ತ ಕೊಡುವುದು ಬೆಳಗಿನ ಮಾತ್ರೆಗೆ ಮೊದಲೇ. ನುಂಗಿಯಾಗಿದ್ದರೆ ಕನಿಷ್ಠ 6 ಗಂಟೆ ಕಳೆದ ಮೇಲೆ. ಲ್ಯಾಬಿನವರು ಇದನ್ನು ಕೇಳುವುದೇ ಇಲ್ಲ, ನಾನೇ ಚೀಟಿಯ ಮೇಲೆ ಮಾತ್ರೆಯ ಹೊತ್ತು ಬರೆದುಕೊಡುತ್ತೇನೆ.