ಮಳೆಗಾಲದಲ್ಲಿ ಕೋಳಿಮರಿಗಳ ಗೂಡಿಗೆ ಶಾಖವನ್ನೊದಗಿಸುವ ಕ್ರಮ

ಈಗ ಕಡಬ ತಾಲೂಕಿಗೆ ಸೇರಿರುವ ರಾಮಕುಂಜ ಮೊದಲಾದ ಗ್ರಾಮಗಳಲ್ಲಿ, ಹೆಬ್ಬಾಳದಲ್ಲಿ ಸಿದ್ಧವಾದ ಗಿರಿರಾಜದಂಥ ತಳಿಯ ಒಂದು ದಿವಸದ ಮರಿಗಳನ್ನು ತರಿಸಿ ಸಾಕಬಯಸುವವರು ಮೊದಲು ಶಾಖದ ವಿಚಾರವನ್ನು ತಿಳಿದಿರತಕ್ಕದ್ದು. ಊರಕೋಳಿಯ ಮರಿಗೆ ತಾಯಿಯ ರೆಕ್ಕೆಯಿದೆ. ತರಿಸಿದ ಮರಿಗೆ ಆ ಆಸರೆಯಿಲ್ಲ.

ಕರಾವಳಿಯ ಈ ಸೀಮೆಯಲ್ಲಿ ಚಳಿಯೇ ಇಲ್ಲವೆಂಬುದು ಮನುಷ್ಯರ ಲೆಕ್ಕದ ಮಾತು. ಆಷಾಢದ ರಾತ್ರಿಯಲ್ಲಿ ಹವೆಯ ಉಷ್ಣಮಾನವು ಸುಮಾರು 22-23 ಸೆಂಟಿಗ್ರೇಡ್ ಡಿಗ್ರಿಗಳಿದ್ದರೆ, ಮರಿಗೆ ಮೊದಲನೆಯ ವಾರದಲ್ಲಿ ಬೇಕಾದುದು 35 ಡಿಗ್ರಿ. ಪುಕ್ಕ ಬಲಿಯುವ ತನಕ ಅದು ತನ್ನ ಮೈಶಾಖವನ್ನು ತಾನೇ ಕಾಯ್ದುಕೊಳ್ಳಲಾರದು. ವಾರವಾರವೂ 3 ಡಿಗ್ರಿಗಳಂತೆ ತಗ್ಗಿಸುತ್ತ ಬಂದರೆ ಐದಾರು ವಾರಗಳಲ್ಲಿ ಶಾಖವನ್ನು ನಿಲ್ಲಿಸಬಹುದು. ಉಷ್ಣಮಾಪಕವನ್ನು ಗೋಡೆಗೆ ತೂಗಹಾಕಿ ಫಲವಿಲ್ಲ. ನೆಲಕ್ಕೆ ಹಾಸಿದ ಉಮಿಯಿಂದ 2 ಅಂಗುಲ ಮೇಲೆ, ಮರಿಯ ಬೆನ್ನಿನ ಮಟ್ಟದಲ್ಲಿ ನೋಡತಕ್ಕದ್ದು.

ಸಾಮಾನ್ಯವಾಗಿ ನಡೆಯುವ ತಪ್ಪೆಂದರೆ, ಇರಚಲಿಗೆ ಹೆದರಿ ಗೂಡಿನ ಸಂದುಗೊಂದುಗಳನ್ನೆಲ್ಲ ಗೋಣಿಯಿಂದ ಮುಚ್ಚಿ, ಒಳಗೆ ಗೆರಟೆಯ ಕೆಂಡದ ಮಡಕೆಯನ್ನಿಡುವುದು. ಹೊಗೆಯಿಲ್ಲದ ಕೆಂಡ ನಿರಪಾಯವೆಂದು ಜನರು ನಂಬುತ್ತಾರೆ. ಆದರೆ ಅದರಿಂದಲೂ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯು ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬೆಳಿಗ್ಗೆ ಸತ್ತುಬಿದ್ದ ಮರಿಗಳನ್ನು ಕಂಡು ಚಳಿಯಿಂದ ಸತ್ತವೆಂದು ತಿಳಿದು, ಮರುರಾತ್ರಿ ಕೆಂಡವನ್ನು ಇಮ್ಮಡಿ ಮಾಡಿದರೆ ಉಳಿದವೂ ಹೋಗುವುವು. ಕಾವಲಿಗೆಂದು ಅಂಥ ಗೂಡಿನೊಳಗೆ ಮಲಗಿದ ಆಳಿನ ಪ್ರಾಣಕ್ಕೂ ಅಪಾಯವುಂಟು. ಸೋಗೆಯ ಮಾಡಿಗೆ ಕಿಡಿ ತಗಲುವ ಭಯವಂತೂ ಹೇಳಬೇಕಾದುದಿಲ್ಲ.

ಆದಕಾರಣ ಗಾಳಿ ಬೀಸುವ ಮಗ್ಗುಲಲ್ಲಿ ಕೆಳಗಡೆ ಮಾತ್ರ ಮರೆಮಾಡಿ, ಮಾಡಿನಡಿಯಲ್ಲಿ ಎರಡು ಬದಿಗಳಲ್ಲಿಯೂ ಗೇಣಗಲದ ತೆರಪನ್ನು ಸದಾ ಬಿಟ್ಟಿರಬೇಕು. ನೆಲವು ಅಂಗಳಕ್ಕಿಂತ ಎತ್ತರವಾಗಿದ್ದು ಉಮಿಯು ಒಣಗಿರಬೇಕು. ತೇವವಾದ ಉಮಿಯ ಮೇಲೆ ಎಷ್ಟು ಶಾಖ ಕೊಟ್ಟರೂ ರಕ್ತಭೇದಿ ತಪ್ಪದು.

ವಿದ್ಯುತ್ತಿದ್ದಲ್ಲಿ ಬಲ್ಬೇ ಉತ್ತಮವು. ಮರಿಯೊಂದಕ್ಕೆ 2 ವಾಟಿನಂತೆ, 100 ಮರಿಗಳಿಗೆ 60 ವಾಟಿನ ತಂತಿಬಲ್ಬುಗಳು ಮೂರು ನಾಲ್ಕು ಸಾಕು. ಒಂದೇ ದೊಡ್ಡ ಬಲ್ಬು ಕೆಟ್ಟರೆ ಗೂಡೆಲ್ಲ ತಣ್ಣಗಾಗುವುದರಿಂದ ಹಲವಿರುವುದು ಲೇಸು. ಎಲ್.ಇ.ಡಿ. ದೀಪದಿಂದ ಬೆಳಕಲ್ಲದೆ ಬೇಕಾದಷ್ಟು ಶಾಖ ದೊರೆಯದು. ಬಲ್ಬನ್ನು ವಿದ್ಯುತ್ತಿನ ತಂತಿಯಿಂದಲೇ ತೂಗಬಿಡಕೂಡದು. ಸರಪಣಿಯಿಂದ ಎರಡು ಕಡೆ ಬಿಗಿದು, ಉಮಿಗೆ ಒಂದೂವರೆ ಅಡಿ ಮೇಲೆ, ಸೋಗೆಗೆ ಸಾಕಷ್ಟು ದೂರದಲ್ಲಿ ನಿಲ್ಲಿಸಬೇಕು. ಸುತ್ತಲೂ ಒಂದೂವರೆ ಅಡಿ ಎತ್ತರದ ತಗಡನ್ನು ದುಂಡಗೆ ನಿಲ್ಲಿಸಿದರೆ ಮರಿಗಳು ಮೂಲೆಯಲ್ಲಿ ಒತ್ತಿಕೊಂಡು ಸಾಯುವುದಿಲ್ಲ.

ಗಾಳಿಮಳೆಗೆ ವಿದ್ಯುತ್ತು ನಿಲ್ಲುವುದು ಈ ಕಡೆ ಹೊಸತಲ್ಲ. ಆಗ ಕೆಂಡಕ್ಕಿಂತ ಬಚ್ಚಲಿನ ಹಂಡೆಯ ಬಿಸಿನೀರೇ ಮೇಲು. ಅದನ್ನು ಭರಣಿಗಳಲ್ಲಿ ತುಂಬಿ, ಬಾಯಿಯನ್ನು ಭದ್ರವಾಗಿ ಮುಚ್ಚಿ, ಗೋಣಿ ಸುತ್ತಿ ಮರಿಗಳ ನಡುವೆ ಇರಿಸಿ, ಆರಿದಂತೆ ಬದಲಾಯಿಸುತ್ತಿರಬೇಕು. ಬೆಂಕಿಯೂ ಇಲ್ಲ, ವಿಷವಾಯುವೂ ಇಲ್ಲ. ನಿದ್ರೆ ಮಾತ್ರ ಕೆಡುವುದು.

ಶಾಖವು ಸರಿಯಾಗಿದೆಯೋ ಎಂಬುದನ್ನು ಮರಿಗಳೇ ತಿಳಿಸುವುವು. ದೀಪದಡಿಯಲ್ಲಿ ಗುಂಪುಗೂಡಿ ಚಿಲಿಪಿಲಿಗುಟ್ಟಿದರೆ ಶಾಖ ಸಾಲದು. ದೂರ ಸರಿದು ಬಾಯಿ ತೆರೆದು ಏದುಸಿರುಬಿಟ್ಟರೆ ಹೆಚ್ಚಾಯಿತು. ಎಲ್ಲವೂ ಒಂದೇ ಮಗ್ಗುಲಿಗೆ ಸೇರಿದ್ದರೆ ಎದುರುಗಡೆಯಿಂದ ಗಾಳಿ ನುಗ್ಗುತ್ತಿದೆಯೆಂದು ತಿಳಿದು ಆ ಸಂದನ್ನು ಹುಡುಕತಕ್ಕದ್ದು. ಮೊದಲನೆಯ ವಾರದಲ್ಲಿ ನಡುರಾತ್ರಿಯ ಬಳಿಕ ಒಮ್ಮೆಯಾದರೂ ಹೀಗೆ ನೋಡಿಬರುವುದು ಅವಶ್ಯವು.