ನಡುವೆ ಒಂದು ಮಾವಿನ ಮರ

ಮೈಸೂರಿನ ವಿದ್ಯಾರಣ್ಯಪುರದಲ್ಲಿ ನಾವು ಮಹಡಿ ಕಟ್ಟಿಸಿದ್ದೇ ಚಾಮುಂಡಿ ಬೆಟ್ಟದ ಆಸೆಗೆ. ಪಕ್ಕದ ಮೇಷ್ಟ್ರ ಮನೆಯ ಬಾದಾಮಿ ಮಾವು ಎತ್ತರವಾಗುತ್ತ ಹೋದಂತೆ ಮೊದಲು ಬೆಟ್ಟದ ರಸ್ತೆಯ ದೀಪದ ಸಾಲು ಮಾಯವಾಯಿತು, ಆಮೇಲೆ ನೆತ್ತಿ. ಕೊನೆಗೆ ದಸರಾ ದೀಪಾಲಂಕಾರವನ್ನೂ ಎಲೆಗಳ ಸಂದಿಯಲ್ಲಿ ಹುಡುಕಬೇಕಾಯಿತು.

"ಮೇಷ್ಟ್ರೇ, ತುದಿ ಒಂಚೂರು ಕಡಿಸಿದ್ರೆ ನಮಗೆ ಬೆಟ್ಟ ಕಾಣುತ್ತೆ" ಅಂದೆ.

"ಬೆಟ್ಟ ನೋಡೋಕೆ 201 ನಂಬರ್ ಬಸ್ಸಿದೆಯಲ್ಲ ಸ್ವಾಮಿ" ಅಂದರು.

ಪರಿಚಯದ ವಕೀಲರನ್ನು ಕೇಳಿದೆ. 1882ರ ಈಸ್‌ಮೆಂಟ್ ಕಾಯಿದೆಯಂತೆ, ಕಿಟಕಿಗೆ ಬರುವ ಗಾಳಿ ಬೆಳಕನ್ನು 20 ವರ್ಷ ತಡೆಯಿಲ್ಲದೆ ಅನುಭವಿಸಿದ್ದರೆ ಅದರ ಮೇಲೆ ಹಕ್ಕು ಸಾಧಿಸಬಹುದು. ಕಣ್ಣಿಗೆ ಕಾಣುವ ನೋಟಕ್ಕೆ ಅಂಥ ಹಕ್ಕಿಲ್ಲ. ಇಂಗ್ಲೆಂಡಿನಲ್ಲಿ 1610ರ ಆಲ್ಡ್ರೆಡ್ ಮೊಕದ್ದಮೆಯಲ್ಲೇ ಗಾಳಿ ಬೆಳಕು ಅಗತ್ಯ, ನೋಟ ಬರೀ ಸಂತೋಷದ ವಿಷಯ ಎಂದು ತೀರ್ಮಾನವಾಗಿತ್ತಂತೆ. ಅವತ್ತು ಸಿಟ್ಟು ಬಂತು. ಈಗ ಕಾನೂನು ಸರಿಯಾಗಿಯೇ ಇದೆ ಅನ್ನಿಸುತ್ತದೆ. ನೋಟಕ್ಕೂ ಹಕ್ಕು ಇದ್ದಿದ್ದರೆ ನಮ್ಮ ಹಿಂದಿನ ಬೀದಿಯವರು ಮೊದಲು ನಮ್ಮ ಮಹಡಿಯನ್ನೇ ಕೆಡವಿಸುತ್ತಿದ್ದರು.

ಪುಕ್ಕಟೆ ಸಲಹೆಗೇನೂ ಬರ ಇರಲಿಲ್ಲ. ಬುಡಕ್ಕೆ ಆಸಿಡ್ ಸುರಿಯಿರಿ ಅಂದವರೂ ಇದ್ದರು, ಅದೂ ದೇವಸ್ಥಾನದ ಜಗಲಿಯಲ್ಲಿ ಕೂತು! 1976ರ ರಾಜ್ಯದ ಮರಗಳ ಸಂರಕ್ಷಣಾ ಕಾಯಿದೆಯಲ್ಲಿ ಮರಕ್ಕೆ ಹಾನಿ ಮಾಡುವುದೂ ಕಡಿದಂತೆಯೇ ಲೆಕ್ಕ. ಸಿಲ್ವರ್ ಓಕ್, ತೆಂಗಿನಂಥ ಕೆಲವಕ್ಕೆ ವಿನಾಯಿತಿ ಬಿಟ್ಟರೆ, ನಗರದಲ್ಲಿ ಸ್ವಂತ ಮರ ಉರುಳಿಸಲೂ ವೃಕ್ಷಾಧಿಕಾರಿಯ ಅನುಮತಿ ಬೇಕು.

ದಾರಿ ತೋರಿಸಿದವರು ತೋಟಗಾರಿಕೆ ಬಲ್ಲ ನನ್ನ ಷಡ್ಡಕ. ಮೇಷ್ಟ್ರು ತುದಿ ಕಡಿಸದೇ ಇದ್ದದ್ದೇ ಒಳ್ಳೆಯದಾಯಿತು ಅಂದರು. ಮಾವಿನ ಕೊಂಬೆಯನ್ನು ತುದಿಯಲ್ಲಿ ಕತ್ತರಿಸಿದರೆ ಆ ಜಾಗದಲ್ಲೇ ಪೊರಕೆಯ ಹಾಗೆ ಹತ್ತಾರು ಚಿಗುರು ಒಟ್ಟಿಗೆ ಹೊರಟು, ಮರ ಮೊದಲಿಗಿಂತ ದಟ್ಟವಾಗುತ್ತದೆ. ಹೂ ಬಿಡುವುದು ಬಲಿತ ತುದಿಗಳಲ್ಲಾದ್ದರಿಂದ ಫಸಲೂ ಹೋಗುತ್ತದೆ. ಬೇಕಾದದ್ದು ಮರದ ಒಡಲು ಬಿಡಿಸುವುದು. ಒಣಗಿದ್ದು, ಒಂದಕ್ಕೊಂದು ಉಜ್ಜುವುದು, ನಡುವೆ ನೆಟ್ಟಗೆ ಏರಿದ್ದು, ಇಂಥ ಕೊಂಬೆಗಳನ್ನು ಬುಡದಿಂದಲೇ ತೆಗೆದು ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಬೇಕು. ನಮ್ಮ ಮಹಡಿ ಬೇರೆ ಮರದ ನಡುಭಾಗದ ಮಟ್ಟಕ್ಕೇ ಇತ್ತು.

ಆ ವರ್ಷ ಮೇಷ್ಟ್ರ ಮರದಲ್ಲಿ ಹೂವೆಲ್ಲ ಜಿಗಿಹುಳಕ್ಕೆ ಉದುರಿತ್ತು. ಗಾಳಿಯಾಡದ, ಬಿಸಿಲು ಬೀಳದ ಮರ ಅಂದರೆ ಆ ಹುಳಕ್ಕೆ ಹಬ್ಬ. ಷಡ್ಡಕರನ್ನು ಕರೆದುಕೊಂಡು ಹೋದೆ. ಬೆಟ್ಟದ ಸುದ್ದಿ ಎತ್ತಲೇ ಇಲ್ಲ. ಹಣ್ಣಿನ ಮಾತು, ಹುಳದ ಮಾತು, ಎರಡು ಲೋಟ ಕಾಫಿ. ಏಳುವಾಗ ಮೇಷ್ಟ್ರೇ ನಕ್ಕು, "ಬೆಟ್ಟಾನೂ ಕಾಣುತ್ತೆ ಅನ್ನಿ" ಅಂದರು. ಮೇಷ್ಟ್ರಲ್ಲವೇ, ಹಿಂದಿನ ಬೆಂಚಿನಲ್ಲಿ ಏನು ನಡೆಯುತ್ತದೆಂದು ಅವರಿಗೆ ಗೊತ್ತಾಗದೆ ಇರುತ್ತದೆಯೇ!

ಕೂಲಿ ಅರ್ಧರ್ಧ. ತಡವಾದರೆ ಮುಂದಿನ ಹೂವಿಗೆ ಪೆಟ್ಟು ಬೀಳುವುದರಿಂದ, ಕೊಯ್ಲು ಮುಗಿದ ಕೂಡಲೇ ಆಳು ಕರೆಸುವುದು ನನ್ನ ಕೆಲಸ. ಯಾವ ಕೊಂಬೆ ಎಂಬುದು ಮೇಷ್ಟ್ರ ತೀರ್ಮಾನ. ನನ್ನಾಕೆ ಮಾತ್ರ ಮಹಡಿಯಿಂದ "ಎಡಗಡೇದು, ಎಡಗಡೇದು" ಅಂತ ಕೂಗುತ್ತಿರುತ್ತಾಳೆ. ಮೇಷ್ಟ್ರಿಗೆ ಈಗೀಗ ಕಿವಿ ಸ್ವಲ್ಪ ಮಂದ.