ಸೀಟಿಗೆ ಮೊದಲು ದುಡ್ಡಿನ ದಾರಿ

ಸ್ನಾತಕೋತ್ತರ ಓದಿಗೆ ಹಣ ಹೊಂದಿಸುವ ಮಾತು ನಮ್ಮ ಮನೆಗಳಲ್ಲಿ ಏಳುವುದು ಸೀಟು ಸಿಕ್ಕ ಮೇಲೆ. ಶುಲ್ಕ ಕಟ್ಟಲು ಕೆಲವೇ ದಿನ ಉಳಿದಿರುತ್ತದೆ. ಎಫ್‌ಡಿ ಮುರಿಸುವುದೋ, ಚಿನ್ನ ಅಡ ಇಡುವುದೋ, ಬ್ಯಾಂಕಿಗೆ ಓಡುವುದೋ ಎಂಬ ಚರ್ಚೆ ಶುರುವಾಗುತ್ತದೆ. ಆ ಹೊತ್ತಿಗೆ ದುಡ್ಡಿನ ವಿಷಯ ಬಹುಪಾಲು ತೀರ್ಮಾನವಾಗಿಬಿಟ್ಟಿರುತ್ತದೆ ಎಂಬುದು ನನ್ನ ವಾದ. ಯಾವ ಪರೀಕ್ಷೆ ಬರೆದು ಯಾವ ಸಂಸ್ಥೆಗೆ ಸೇರಿದಿರಿ ಎಂಬುದೇ ಖರ್ಚನ್ನೂ ವಿದ್ಯಾರ್ಥಿವೇತನವನ್ನೂ ಕೊನೆಗೆ ಸಾಲದ ಷರತ್ತನ್ನೂ ಗೊತ್ತುಮಾಡುತ್ತದೆ. ಹಾಗಾಗಿ ಹಣ ಹುಡುಕಲು ತಕ್ಕ ಕಾಲ ಪದವಿಯ ಕೊನೆಯ ವರ್ಷದ ಆರಂಭ, ಅಂದರೆ ಪ್ರವೇಶ ಪರೀಕ್ಷೆಗಳ ಅರ್ಜಿ ತುಂಬುವ ಹೊತ್ತು.

ಎಂ.ಟೆಕ್ ನೋಡಿ. ಕರ್ನಾಟಕದ ಒಂದೇ ಕಾಲೇಜಿನ ಒಂದೇ ತರಗತಿಯಲ್ಲಿ ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಮಾತ್ರ ಬರೆದು ಬಂದವರೂ ರಾಷ್ಟ್ರಮಟ್ಟದ ಗೇಟ್ ಪರೀಕ್ಷೆಯಲ್ಲಿ ಅರ್ಹತೆ ಪಡೆದು ಬಂದವರೂ ಅಕ್ಕಪಕ್ಕ ಕೂರುತ್ತಾರೆ. ಪಾಠ ಒಂದೇ, ಸಿಗುವ ಪದವಿಯೂ ಒಂದೇ. ಆದರೆ ಎಐಸಿಟಿಇ ಮಾನ್ಯತೆಯ ಕಾಲೇಜಿನಲ್ಲಿ ಗೇಟ್ ಅರ್ಹತೆ ಇದ್ದವರು ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಪಡೆಯಬಹುದು. 24 ತಿಂಗಳಿಗೆ ಅದು 2,97,600 ರೂಪಾಯಿ. ಪ್ರವೇಶ ಪಡೆಯುವಾಗಲೇ ಗೇಟ್ ಅಂಕ ಕೈಯಲ್ಲಿರಬೇಕು. ಗೇಟ್ ಎಲ್ಲರಿಗೂ ಎಟುಕುವುದಿಲ್ಲವಲ್ಲ ಎಂಬ ಆಕ್ಷೇಪ ಸಹಜ. ಐಐಟಿ, ಐಐಎಸ್‌ಸಿ ಸೀಟಿಗೆ ಬೇಕಾದ ರ‍್ಯಾಂಕ್ ಬೇರೆ, ಈ ವೇತನಕ್ಕೆ ಬೇಕಾದ ಅರ್ಹತಾ ಅಂಕ ಬೇರೆ ಎಂಬುದನ್ನು ಮಾತ್ರ ಹಲವರು ಗಮನಿಸುವುದಿಲ್ಲ. ಸಾಮಾನ್ಯ ವರ್ಗಕ್ಕೆ ಹಲವು ವಿಷಯಗಳಲ್ಲಿ ಅದು 100ಕ್ಕೆ 25ರಿಂದ 35ರ ಆಸುಪಾಸು. ಮೀಸಲಾತಿ ಇರುವವರಿಗೆ ಇನ್ನೂ ಕಡಿಮೆ. ತಪ್ಪುತ್ತರಕ್ಕೆ ಅಂಕ ಕಳೆಯುವ ಪರೀಕ್ಷೆ, ಬರೆದವರಲ್ಲಿ ಹೆಚ್ಚಿನವರು ಅರ್ಹರಾಗುವುದಿಲ್ಲ, ನಿಜ. ಆದರೂ ಕೆಲವು ತಿಂಗಳ ತಯಾರಿಯಿಂದ ಮೂರು ಲಕ್ಷದಷ್ಟು ಸಾಲ ತಪ್ಪುವ ಸಾಧ್ಯತೆ ಇರುವಾಗ, ಅರ್ಜಿಯನ್ನೇ ಹಾಕದಿರುವುದು ನನಗೆ ಅರ್ಥವಾಗದ ಉಳಿತಾಯ.

ಕಲೆ, ವಾಣಿಜ್ಯ ಓದಿದವರು ಇದರಿಂದ ನಮಗೇನು ಎಂದು ಕೇಳಬಹುದು. ಅವರಿಗೆ ದಾರಿ ಕಿರಿದು, ಒಪ್ಪುತ್ತೇನೆ. ಯುಜಿಸಿಯ ರಾಷ್ಟ್ರೀಯ ಸ್ನಾತಕೋತ್ತರ ವಿದ್ಯಾರ್ಥಿವೇತನ ತಿಂಗಳಿಗೆ 15,000 ರೂಪಾಯಿಯಂತೆ ವರ್ಷಕ್ಕೆ ಹತ್ತು ತಿಂಗಳು ಸಿಗುತ್ತದೆ. ಆದರೆ ಇಡೀ ದೇಶಕ್ಕೆ ವರ್ಷಕ್ಕೆ 10,000 ಮಂದಿಗೆ ಮಾತ್ರ. ನಮ್ಮ ರಾಜ್ಯದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಊಟ, ವಸತಿಗೆಂದು ಕೊಡುವ ವಿದ್ಯಾಸಿರಿ ನೆರವು ಬೆಂಗಳೂರಿನ ಪೇಯಿಂಗ್ ಗೆಸ್ಟ್ ಬಾಡಿಗೆಯ ಮುಂದೆ ಏನೂ ಅಲ್ಲ. ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಎಂ.ಎ. ಮಾಡುವವರಿಗೆ ದೊಡ್ಡ ಖರ್ಚು ಶುಲ್ಕವಲ್ಲ, ವಾಸ. ಹಾಸ್ಟೆಲ್ ಸಿಗುವ ವಿಶ್ವವಿದ್ಯಾಲಯವನ್ನು ಆರಿಸಿಕೊಳ್ಳುವುದೇ ಅವರ ಪಾಲಿನ ವಿದ್ಯಾರ್ಥಿವೇತನ. ಇಂಥ ಹಣವೆಲ್ಲ ತಡವಾಗಿ ಜಮೆಯಾಗುತ್ತದೆ ಎಂಬ ದೂರಿನಲ್ಲಿ ಹುರುಳಿದೆ. ಮೊದಲ ಕೆಲವು ತಿಂಗಳ ಮೆಸ್ ಬಿಲ್ಲಿಗೆ ಬೇರೆ ಹಣ ಇಟ್ಟುಕೊಳ್ಳಲೇಬೇಕು. ಚಿನ್ನದ ಮೇಲಿನ ಸಾಲಕ್ಕೆ ಒಂದು ಜಾಗವಿದ್ದರೆ ಅದು ಇಲ್ಲಿ. ಎರಡು ವರ್ಷದ ಶುಲ್ಕಕ್ಕಲ್ಲ.

ಇನ್ನು ಸಾಲ. ಇದನ್ನೂ ಕಾಲೇಜಿನ ಹೆಸರೇ ಆಳುತ್ತದೆ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಅಡಮಾನ, ಜಾಮೀನು ಬೇಡ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಮರುಪಾವತಿ ಶುರುವಾಗುವವರೆಗೆ ಶೇ 3ರ ಬಡ್ಡಿ ರಿಯಾಯಿತಿಯೂ ಉಂಟು. ಇದು ಯೋಜನೆಯ ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಮಾತ್ರ. ಪಟ್ಟಿಯ ಹೊರಗಿನ ಕಾಲೇಜು ಸೇರಿ ದೊಡ್ಡ ಸಾಲ ಕೇಳಿದರೆ, ಮಾಮೂಲಿ ಶೈಕ್ಷಣಿಕ ಸಾಲದಲ್ಲಿ 7.5 ಲಕ್ಷ ದಾಟುತ್ತಲೇ ಮನೆ ಪತ್ರ ಕೇಳುತ್ತಾರೆ.

ಸಾಲದ ಬಡ್ಡಿಗೆ ಆದಾಯ ತೆರಿಗೆ ವಿನಾಯಿತಿ ಇದೆ, ಹಾಗಾಗಿ ಸಾಲವೇ ಲಾಭ ಎನ್ನುವವರೂ ಇದ್ದಾರೆ. ಆ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. 2025–26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಇಲ್ಲದಿರುವಾಗ, ಹೊಸದಾಗಿ ಕೆಲಸಕ್ಕೆ ಸೇರಿದ ಹೆಚ್ಚಿನವರಿಗೆ ಉಳಿಸಲು ತೆರಿಗೆಯಾದರೂ ಎಲ್ಲಿದೆ? ಲೆಕ್ಕ ಬೇರೆ ಕಡೆ ಇದೆ. ಎರಡು ವರ್ಷದ ಓದಿಗೆ ಪ್ರತಿ ವರ್ಷದ ಆರಂಭದಲ್ಲಿ 5 ಲಕ್ಷದಂತೆ 10 ಲಕ್ಷ ಸಾಲ, ಶೇ 10 ಬಡ್ಡಿ ಎಂದುಕೊಳ್ಳಿ. ಓದು ಮುಗಿದು ಒಂದು ವರ್ಷದ ಬಿಡುವು ಕಳೆಯುವಷ್ಟರಲ್ಲಿ ಸರಳ ಬಡ್ಡಿಯೇ 2.5 ಲಕ್ಷ ಸೇರಿ ಅಸಲು 12.5 ಲಕ್ಷವಾಗುತ್ತದೆ, ಹತ್ತು ವರ್ಷಕ್ಕೆ ಇಎಂಐ ಸುಮಾರು 16,500 ರೂಪಾಯಿ. ಓದುವಾಗಲೂ ಆ ಬಿಡುವಿನ ವರ್ಷದಲ್ಲೂ ತಿಂಗಳಿಗೆ ನಾಲ್ಕೆಂಟು ಸಾವಿರದಂತೆ ಬಡ್ಡಿ ತೀರಿಸುತ್ತ ಹೋದರೆ ಇಎಂಐ 13,200ಕ್ಕೆ ಇಳಿಯುತ್ತದೆ. ಮನೆಯವರು ಎಫ್‌ಡಿ ಮುರಿಸುವ ಬದಲು ಮಾಡಬಹುದಾದ ಸಹಾಯ ಇದು. ಹಾಗೆ ಬಡ್ಡಿ ಕಟ್ಟುವವರಿಗೆ ಶೇ 1ರಷ್ಟು ದರ ಕಡಿತ ಕೊಡುವ ಬ್ಯಾಂಕುಗಳಿವೆ. ಸಾಲದ ಪತ್ರಕ್ಕೆ ಸಹಿ ಹಾಕುವ ಮೊದಲು ಅದನ್ನು ಕೇಳಿ, ಮಂಜೂರಾತಿ ಪತ್ರದಲ್ಲಿ ಬರೆಸಿಕೊಳ್ಳಬೇಕು.